ಮಂಡಿ ಕೀಲು ಬದಲಾವಣೆ ಶಸ್ತ್ರಚಿಕಿತ್ಸೆ: ಚೇತರಿಕೆಯನ್ನು ಯಾವಾಗ ಅಳೆಯಬೇಕು?

(ರೋಗಿಗಳು, ಅವರ ಕುಟುಂಬದವರು ಹಾಗೂ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಅಸ್ಥಿಸಂಧಿವಾತದಿಂದ ತೀವ್ರವಾಗಿ ಸವೆದ ಮಂಡಿ ಕೀಲಿನ ಮೇಲ್ಮೈಯನ್ನು ತೆಗೆದು, ಅದರ ಸ್ಥಾನದಲ್ಲಿ ಲೋಹ ಮತ್ತು ಪ್ಲಾಸ್ಟಿಕ್‌ನಿಂದ ತಯಾರಿಸಿದ ಕೃತಕ ಕೀಲನ್ನು ಅಳವಡಿಸುವುದಕ್ಕೆ ಮಂಡಿ ಕೀಲು ಬದಲಾವಣೆ ಶಸ್ತ್ರಚಿಕಿತ್ಸೆ ಎನ್ನಲಾಗುತ್ತದೆ. ಔಷಧಿ, ವ್ಯಾಯಾಮ, ತೂಕ ಇಳಿಕೆ ಮುಂತಾದ ಕ್ರಮಗಳಿಂದ ನೋವು ಹತೋಟಿಗೆ ಬಾರದೆ, ದಿನನಿತ್ಯದ ಓಡಾಟವೇ ಕಷ್ಟವಾದಾಗ ವೈದ್ಯರು ಈ ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ.

ಶಸ್ತ್ರಚಿಕಿತ್ಸೆ ಮುಗಿದ ನಂತರ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಗುಣವಾಯಿತೇ?" ರೋಗಿಯು ಈ ಪ್ರಶ್ನೆಯನ್ನು ಎರಡನೇ ವಾರದಲ್ಲೇ ಕೇಳಿಕೊಂಡು ನಿರಾಶರಾಗುವುದುಂಟು. ಆಸ್ಪತ್ರೆಯು ಹೊಲಿಗೆ ಬಿಚ್ಚಿದ ದಿನವೇ ಉತ್ತರಿಸಿ ಕಡತವನ್ನು ಮುಕ್ತಾಯಗೊಳಿಸುವುದೂ ಉಂಟು. ಎರಡೂ ಸರಿಯಲ್ಲ. ಮಂಡಿಯ ಚೇತರಿಕೆಯು ತಿಂಗಳುಗಟ್ಟಲೆ ನಡೆಯುವ ಪ್ರಕ್ರಿಯೆಯಾಗಿದ್ದು, ಯಾವ ದಿನ ಅಳೆಯಲಾಯಿತು ಎಂಬುದನ್ನು ಅವಲಂಬಿಸಿ ಉತ್ತರವೂ ಬದಲಾಗುತ್ತದೆ. ತೀರಾ ಬೇಗ ಅಳೆದರೆ ಶಸ್ತ್ರಚಿಕಿತ್ಸೆಯ ಗಾಯವನ್ನು ಅಳೆದಂತಾಗುತ್ತದೆಯೇ ಹೊರತು ಕೀಲಿನ ಪ್ರಯೋಜನವನ್ನಲ್ಲ. ತೀರಾ ತಡವಾಗಿ ಅಳೆದರೆ ಸರಿಪಡಿಸಬಹುದಾಗಿದ್ದ ದೋಷವನ್ನು ಸರಿಪಡಿಸುವ ಅವಧಿಯೇ ಮೀರಿಹೋಗಿರುತ್ತದೆ.

ಆದ್ದರಿಂದ ಯಾವ ಹಂತದಲ್ಲಿ ಏನನ್ನು ಅಳೆಯಬೇಕು, ಯಾವ ಉದ್ದೇಶಕ್ಕಾಗಿ ಅಳೆಯಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ಏನನ್ನು ಅಳೆಯಲಾಗುತ್ತದೆ?

ಚೇತರಿಕೆಯು ಒಂದೇ ಅಂಕಿಯಲ್ಲಿ ಹಿಡಿಯಬಹುದಾದ ಸಂಗತಿಯಲ್ಲ. ಸಾಮಾನ್ಯವಾಗಿ ಈ ಕೆಳಕಂಡ ನಾಲ್ಕು ಅಂಶಗಳನ್ನು ಅಳೆಯಲಾಗುತ್ತದೆ.

ಅ) ಚಲನೆ: ಮಂಡಿ ಎಷ್ಟು ಮಡಿಸುತ್ತದೆ ಮತ್ತು ಎಷ್ಟು ನೇರವಾಗುತ್ತದೆ ಎಂಬುದನ್ನು ಕೋನಮಾಪಕದಿಂದ ಡಿಗ್ರಿಗಳಲ್ಲಿ ಅಳೆಯಲಾಗುತ್ತದೆ. ಮೆಟ್ಟಿಲು ಹತ್ತಲು ಸುಮಾರು 80ರಿಂದ 90 ಡಿಗ್ರಿ, ಕುರ್ಚಿಯಿಂದ ಸಲೀಸಾಗಿ ಏಳಲು 90 ಡಿಗ್ರಿಗಿಂತ ತುಸು ಹೆಚ್ಚು ಮಡಿಕೆ ಬೇಕಾಗುತ್ತದೆ. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂರಲು ಇದಕ್ಕಿಂತ ಬಹಳ ಹೆಚ್ಚು ಬೇಕು. ಮಡಿಸುವಿಕೆಯಷ್ಟೇ ಮುಖ್ಯವಾದುದು ಪೂರ್ಣ ನೇರವಾಗುವಿಕೆ. ಕಾಲು ಪೂರ್ಣ ನೇರವಾಗದಿದ್ದಲ್ಲಿ ನಡಿಗೆಯಲ್ಲಿ ಕುಂಟು ಉಳಿಯುತ್ತದೆ.

ಆ) ಸ್ನಾಯುಬಲ: ತೊಡೆಯ ಮುಂಭಾಗದ ಸ್ನಾಯುವು ಮಂಡಿಗೆ ಮುಖ್ಯ ಆಧಾರ. ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳಲ್ಲಿ ಇದರ ಬಲವು ಮೊದಲಿದ್ದುದರ ಅರ್ಧಕ್ಕಿಂತ ಕೆಳಗೆ ಇಳಿಯಬಹುದೆಂದು ಅಧ್ಯಯನಗಳು ತೋರಿಸಿವೆ.

ಇ) ಕಾರ್ಯಸಾಮರ್ಥ್ಯ: ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಲು ತಗಲುವ ಸೆಕೆಂಡುಗಳು, 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಬಾರಿ ಎದ್ದು ಕೂರಬಹುದು, 6 ನಿಮಿಷದಲ್ಲಿ ಎಷ್ಟು ದೂರ ನಡೆಯಬಹುದು ಎಂಬ ಸರಳ ಪರೀಕ್ಷೆಗಳು. ಇವುಗಳಿಗೆ ಗಡಿಯಾರ, ಕುರ್ಚಿ ಮತ್ತು ಅಳತೆ ಮಾಡಿದ ಜಾಗವಷ್ಟೇ ಸಾಕು.

ಈ) ರೋಗಿಯೇ ನೀಡುವ ಉತ್ತರಗಳು: ನೋವು ಮತ್ತು ದಿನನಿತ್ಯದ ತೊಂದರೆಯ ಬಗ್ಗೆ ರೋಗಿಯನ್ನೇ ಕೇಳುವ ಪ್ರಶ್ನಾವಳಿಗಳು. ಇವುಗಳಲ್ಲಿ 1998ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಮಂಡಿ ಅಂಕಪಟ್ಟಿಯು ಹೆಚ್ಚು ಬಳಕೆಯಲ್ಲಿದೆ. ಇದರಲ್ಲಿ 12 ಪ್ರಶ್ನೆಗಳಿದ್ದು, ಪ್ರತಿಯೊಂದಕ್ಕೂ 0ಯಿಂದ 4 ಅಂಕ ನೀಡಲಾಗುತ್ತದೆ. ಒಟ್ಟು ಅಂಕ 48. ಅಂಕ ಹೆಚ್ಚಾದಷ್ಟೂ ಮಂಡಿಯ ಸ್ಥಿತಿ ಉತ್ತಮ ಎಂದರ್ಥ. ರಾತ್ರಿ ಮಲಗಿದಾಗ ನೋವು ಬರುತ್ತದೆಯೇ, ಊಟದ ಬಳಿಕ ಕುರ್ಚಿಯಿಂದ ಏಳುವುದು ಕಷ್ಟವೇ, ಮೆಟ್ಟಿಲು ಇಳಿಯಬಲ್ಲರೇ, ಮಂಡಿ ದಿಢೀರನೆ ಕುಸಿಯುತ್ತದೆಯೇ ಎಂಬಂತಹ ಪ್ರಶ್ನೆಗಳು ಇದರಲ್ಲಿವೆ.

ಮೇಲ್ಕಂಡ ನಾಲ್ಕೂ ಅಂಶಗಳು ಒಂದೇ ವೇಗದಲ್ಲಿ ಸುಧಾರಿಸುವುದಿಲ್ಲ. ನೋವು ಇಳಿದಿದ್ದರೂ ಬಲ ಬಂದಿರುವುದಿಲ್ಲ. ಎಕ್ಸ್‌ರೇ ಚಿತ್ರ ಸರಿಯಾಗಿದ್ದರೂ ರೋಗಿಗೆ ಮೆಟ್ಟಿಲು ಇಳಿಯಲು ಆಗುತ್ತಿರುವುದಿಲ್ಲ. ಕಾಲವನ್ನು ನಿಗದಿಪಡಿಸದೆ ಅಳೆಯುವುದು ವ್ಯರ್ಥವಾಗಲು ಇದೇ ಕಾರಣ.

3. ಮೊದಲ ಅಳತೆ: ಶಸ್ತ್ರಚಿಕಿತ್ಸೆಗೆ ಮುನ್ನ

ಚೇತರಿಕೆಯ ಮೊದಲ ಅಳತೆಯನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ಮಾಡತಕ್ಕದ್ದು. ಹೆಚ್ಚಾಗಿ ಬಿಟ್ಟುಹೋಗುವುದೂ ಇದೇ ಅಳತೆ. ಆರಂಭಿಕ ಶಿಲ್ಕನ್ನು ನಮೂದಿಸದ ಲೆಕ್ಕಪುಸ್ತಕದಲ್ಲಿ ಅಂತಿಮ ಶಿಲ್ಕು ಎಷ್ಟೇ ಇದ್ದರೂ ಅದು ಲಾಭವೋ ನಷ್ಟವೋ ತಿಳಿಯಲಾಗದು. ಮಂಡಿಯ ವಿಷಯದಲ್ಲೂ ಹಾಗೆಯೇ.

ಉದಾ: ಒಬ್ಬ ರೋಗಿಯ ಆಕ್ಸ್‌ಫರ್ಡ್ ಅಂಕವು ಶಸ್ತ್ರಚಿಕಿತ್ಸೆಗೆ ಮುನ್ನ 12 ಇದ್ದು, ಒಂದು ವರ್ಷದ ನಂತರ 34 ಆಯಿತೆಂದು ಭಾವಿಸೋಣ. ಇನ್ನೊಬ್ಬರ ಅಂಕವು ಮುನ್ನ 26 ಇದ್ದು, ನಂತರ 36 ಆಯಿತು. ಅಂತಿಮ ಅಂಕವನ್ನಷ್ಟೇ ನೋಡಿದರೆ ಎರಡನೆಯವರೇ ಉತ್ತಮ. ಆದರೆ ಶಸ್ತ್ರಚಿಕಿತ್ಸೆಯಿಂದ ದೊರೆತ ಲಾಭ ಮೊದಲನೆಯವರಿಗೆ 22 ಅಂಕ, ಎರಡನೆಯವರಿಗೆ 10 ಅಂಕ. ಆರಂಭದ ಅಂಕವನ್ನು ಬರೆದಿಡದಿದ್ದಲ್ಲಿ ಈ ವ್ಯತ್ಯಾಸ ಯಾರ ಗಮನಕ್ಕೂ ಬರುತ್ತಿರಲಿಲ್ಲ.

"ಮೊದಲು ಹೇಗಿತ್ತು ಎಂದು ನಂತರ ಕೇಳಿದರಾಯಿತು" ಎಂಬುದು ಸಮರ್ಪಕವಲ್ಲ. ವರ್ಷದ ಹಿಂದಿನ ನೋವನ್ನು ಯಾರೂ ಇದ್ದಂತೆ ನೆನಪಿಟ್ಟಿರುವುದಿಲ್ಲ. ಈಗ ಸುಖವಾಗಿರುವವರು ಹಿಂದಿನ ನೋವನ್ನು ಹೆಚ್ಚಾಗಿ ಹೇಳಬಹುದು, ಈಗ ನೋವಿರುವವರು ಕಡಿಮೆಯಾಗಿ ಹೇಳಬಹುದು.

ಮೊದಲ ಅಳತೆಯಿಂದ ಇನ್ನೊಂದು ಪ್ರಯೋಜನವೂ ಇದೆ. ಶಸ್ತ್ರಚಿಕಿತ್ಸೆಯ ನಂತರ ಮಂಡಿ ಎಷ್ಟು ಮಡಿಸಬಹುದು ಎಂಬುದು ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಗೆ ಮುನ್ನ ಎಷ್ಟು ಮಡಿಸುತ್ತಿತ್ತು ಎಂಬುದನ್ನು ಅವಲಂಬಿಸಿದೆ. ಮೊದಲೇ ಬಹಳ ಬಿಗಿಯಾಗಿದ್ದ ಮಂಡಿಯಿಂದ ಯಾವ ಮಟ್ಟದ ಚಲನೆಯನ್ನು ನಿರೀಕ್ಷಿಸಬಹುದು ಎಂಬುದನ್ನು ರೋಗಿಗೆ ಮುಂಚಿತವಾಗಿ ತಿಳಿಸಲು ಇದರಿಂದ ಅನುಕೂಲವಾಗುತ್ತದೆ.

ಈ ಅಳತೆಯನ್ನು ಶಸ್ತ್ರಚಿಕಿತ್ಸೆಗೆ ಹಿಂದಿನ ಕೆಲವು ವಾರಗಳೊಳಗೆ ಮಾಡುವುದು ಸೂಕ್ತ. ವರ್ಷದ ಹಿಂದಿನ ಅಳತೆಯನ್ನೇ ಆಧಾರವಾಗಿಟ್ಟುಕೊಂಡಲ್ಲಿ, ಆ ಅವಧಿಯಲ್ಲಿ ಮಂಡಿ ಇನ್ನಷ್ಟು ಸವೆದಿರುವುದು ಲೆಕ್ಕಕ್ಕೆ ಬರುವುದಿಲ್ಲ.

4. ಚೇತರಿಕೆ ಸಾಗುವ ಬಗೆ

ಶಸ್ತ್ರಚಿಕಿತ್ಸೆಯ ನಂತರದ ಚೇತರಿಕೆಯು ಮೊದಲ ದಿನದಿಂದ ಸಮನಾಗಿ ಏರುವ ರೇಖೆಯಲ್ಲ. ಮೊದಲ ಕೆಲವು ವಾರಗಳಲ್ಲಿ ರೋಗಿಯ ಸ್ಥಿತಿ ಶಸ್ತ್ರಚಿಕಿತ್ಸೆಗೆ ಮುನ್ನ ಇದ್ದುದಕ್ಕಿಂತಲೂ ಕೆಳಗಿರುತ್ತದೆ. ಮೂಳೆಯನ್ನು ಕತ್ತರಿಸಿ ರೂಪಿಸಲಾಗಿರುತ್ತದೆ, ಸ್ನಾಯುಗಳು ದುರ್ಬಲವಾಗಿರುತ್ತವೆ, ಕೀಲಿನ ಸುತ್ತ ಊತವಿರುತ್ತದೆ. ಊತವಿರುವ ಮಂಡಿಯ ಸುತ್ತಲಿನ ಸ್ನಾಯುವಿಗೆ ನರಗಳ ಆಜ್ಞೆಯೂ ಪೂರ್ಣವಾಗಿ ತಲುಪುವುದಿಲ್ಲ. ಹೀಗಾಗಿ ರೋಗಿ ಎಷ್ಟೇ ಪ್ರಯತ್ನಿಸಿದರೂ ಕಾಲು ಎತ್ತಲು ಕಷ್ಟವಾಗುತ್ತದೆ.

ನಂತರ ಸುಮಾರು ಮೂರು ತಿಂಗಳವರೆಗೆ ವೇಗವಾದ ಸುಧಾರಣೆ ಕಂಡುಬರುತ್ತದೆ. ಮೂರರಿಂದ ಆರು ತಿಂಗಳವರೆಗೆ ಸುಧಾರಣೆ ಮುಂದುವರಿದರೂ ವೇಗ ಕಡಿಮೆಯಾಗುತ್ತದೆ. ಆರರಿಂದ ಹನ್ನೆರಡು ತಿಂಗಳ ನಡುವೆ ಸಣ್ಣ ಪ್ರಮಾಣದ ಸುಧಾರಣೆಯಾಗಿ, ಬಹುತೇಕ ರೋಗಿಗಳಲ್ಲಿ ಸ್ಥಿತಿಯು ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಮಂಡಿಯ ಬಿಸುಪು ಮತ್ತು ಸಂಜೆಯ ಹೊತ್ತಿನ ಊತ ಕೆಲವು ತಿಂಗಳು ಉಳಿಯುವುದು ಸಾಮಾನ್ಯ.

ಈ ಕ್ರಮವನ್ನು ಮೊದಲೇ ತಿಳಿದಿರುವ ಕುಟುಂಬವು ಮೂರನೇ ವಾರದ ನೋವನ್ನು ಕಂಡು ಶಸ್ತ್ರಚಿಕಿತ್ಸೆ ವಿಫಲವಾಯಿತೆಂದು ಭಾವಿಸಿ ವ್ಯಾಯಾಮವನ್ನು ನಿಲ್ಲಿಸುವುದಿಲ್ಲ. ವ್ಯಾಯಾಮವನ್ನು ನಿಲ್ಲಿಸುವುದೇ ಎಷ್ಟೋ ಸಂದರ್ಭಗಳಲ್ಲಿ ಮಂಡಿ ಬಿಗಿಯಾಗಲು ದಾರಿಯಾಗುತ್ತದೆ.

5. ಅಳತೆಯ ಹಂತಗಳು

ಅ) ಆಸ್ಪತ್ರೆಯಲ್ಲಿರುವ ದಿನಗಳು
ಈ ಹಂತದ ಅಳತೆಯ ಉದ್ದೇಶ ಸುರಕ್ಷತೆ. ರೋಗಿಯು ವಾಕರ್ ಸಹಾಯದಿಂದ ನಡೆಯಬಲ್ಲರೇ, ಶೌಚಾಲಯಕ್ಕೆ ಹೋಗಿಬರಬಲ್ಲರೇ, ಮನೆಯಲ್ಲಿ ಮೆಟ್ಟಿಲಿದ್ದಲ್ಲಿ ಹತ್ತಿ ಇಳಿಯಬಲ್ಲರೇ, ನೋವು ಮಾತ್ರೆಯಿಂದ ಹತೋಟಿಯಲ್ಲಿದೆಯೇ ಎಂಬುದನ್ನು ನೋಡಲಾಗುತ್ತದೆ. ಬಿಡುಗಡೆ ವೇಳೆಗೆ ಮಂಡಿ 90 ಡಿಗ್ರಿಯ ಸಮೀಪಕ್ಕೆ ಮಡಿಸುವುದು ಅಪೇಕ್ಷಣೀಯ. ಆದರೆ ಇದನ್ನು ಶಸ್ತ್ರಚಿಕಿತ್ಸೆಯ ಅಂತಿಮ ಫಲವೆಂದು ಪರಿಗಣಿಸತಕ್ಕದ್ದಲ್ಲ.

ಆ) ಎರಡನೇ ವಾರ
ಹೊಲಿಗೆ ತೆಗೆಯುವ ಈ ಭೇಟಿಯಲ್ಲಿ ಗಾಯವನ್ನು ಪರೀಕ್ಷಿಸಲಾಗುತ್ತದೆ. ಕೆಂಪಾಗುವಿಕೆ, ಸ್ರಾವ, ಮೀನಖಂಡದ ಊತ ಇವೆಯೇ ಎಂಬುದು ಮುಖ್ಯ. ಕೋನವನ್ನು ಅಳೆದು ಬರೆದಿಡಬೇಕು. ದಿನನಿತ್ಯದ ಜೀವನದ ಬಗ್ಗೆ ಪ್ರಶ್ನಾವಳಿ ಭರ್ತಿ ಮಾಡಿಸುವುದಕ್ಕೆ ಇದು ಸಮಯವಲ್ಲ. ಆಕ್ಸ್‌ಫರ್ಡ್ ಪ್ರಶ್ನಾವಳಿಯು "ಕಳೆದ ನಾಲ್ಕು ವಾರಗಳಲ್ಲಿ" ಎಂದು ಕೇಳುತ್ತದೆ. ಎರಡನೇ ವಾರದಲ್ಲಿ ಅದಕ್ಕೆ ಉತ್ತರಿಸುವ ರೋಗಿಯು ಅರ್ಧ ಅವಧಿ ಹಳೆಯ ಮಂಡಿಯ ಬಗ್ಗೆ, ಅರ್ಧ ಅವಧಿ ಹೊಸ ಗಾಯದ ಬಗ್ಗೆ ಉತ್ತರಿಸಿದಂತಾಗುತ್ತದೆ. ಆ ಅಂಕಕ್ಕೆ ಅರ್ಥವಿರುವುದಿಲ್ಲ.

ಇ) ಆರನೇ ವಾರ
ಇದು ಅತ್ಯಂತ ಮುಖ್ಯವಾದ ಭೇಟಿಗಳಲ್ಲಿ ಒಂದು. ಇದರ ಉದ್ದೇಶ ದಾರಿ ತಪ್ಪಿದ್ದಲ್ಲಿ ತಿದ್ದುವುದು. ಈ ವೇಳೆಗೆ ಮಂಡಿಯು 90 ಡಿಗ್ರಿಯನ್ನು ದಾಟಿರದಿದ್ದಲ್ಲಿ ಅಥವಾ ಪೂರ್ಣ ನೇರವಾಗದಿದ್ದಲ್ಲಿ ತಜ್ಞರ ಗಮನಕ್ಕೆ ತರಬೇಕು. ಫಿಸಿಯೋಥೆರಪಿಯನ್ನು ಹೆಚ್ಚಿಸುವುದು, ನೋವಿನ ಔಷಧಿಯನ್ನು ಮರುಪರಿಶೀಲಿಸುವುದು, ಬಿಗಿತದ ಕಾರಣವನ್ನು ಹುಡುಕುವುದು ಈ ಹಂತದಲ್ಲಿ ಸಾಧ್ಯ.

ವ್ಯಾಯಾಮದಿಂದ ಬಿಗಿತ ಸಡಿಲವಾಗದಿದ್ದಲ್ಲಿ, ಅರಿವಳಿಕೆ ನೀಡಿ ಮಂಡಿಯನ್ನು ನಿಧಾನವಾಗಿ ಮಡಿಸಿ ಒಳಗಿನ ಗಾಯದ ಅಂಗಾಂಶವನ್ನು ಬಿಡಿಸುವ ಕ್ರಮವೊಂದಿದೆ. ಇದು ಶಸ್ತ್ರಚಿಕಿತ್ಸೆಯಾದ ಸುಮಾರು ಮೂರು ತಿಂಗಳೊಳಗೆ ಮಾಡಿದಲ್ಲಿ ಹೆಚ್ಚು ಫಲಕಾರಿ. ಅವಧಿ ಮೀರಿದಂತೆ ಗಾಯದ ಅಂಗಾಂಶ ಗಟ್ಟಿಯಾಗಿ, ಹೆಚ್ಚು ಬಲ ಪ್ರಯೋಗಿಸಬೇಕಾಗಿ, ಮೂಳೆ ಮುರಿಯುವ ಅಪಾಯವೂ ಹೆಚ್ಚುತ್ತದೆ. ಆರನೇ ವಾರದ ಭೇಟಿಯನ್ನು ತಪ್ಪಿಸಿಕೊಂಡು ಆರನೇ ತಿಂಗಳಲ್ಲಿ ಬರುವ ರೋಗಿಯು ಕಳೆದುಕೊಳ್ಳುವುದು ಈ ಅವಕಾಶವನ್ನೇ.

ಈ) ಮೂರನೇ ತಿಂಗಳು
ಪ್ರಶ್ನಾವಳಿಯನ್ನು ಬಳಸಲು ಇದು ಮೊದಲ ಸೂಕ್ತ ಕಾಲ. ಕಳೆದ ನಾಲ್ಕು ವಾರಗಳ ಅವಧಿಯು ಈಗ ಸಂಪೂರ್ಣವಾಗಿ ಚೇತರಿಕೆಯ ಕಾಲದೊಳಗೇ ಬರುತ್ತದೆ. ವೇಗವಾದ ಸುಧಾರಣೆಯ ಬಹುಭಾಗ ಆಗಿಹೋಗಿರಬೇಕು. ಈ ವೇಳೆಗೂ ರಾತ್ರಿ ನಿದ್ರೆ ಕೆಡಿಸುವಷ್ಟು ನೋವಿದ್ದಲ್ಲಿ ಅದನ್ನು "ಕಾಲಕ್ರಮೇಣ ಸರಿಹೋಗುತ್ತದೆ" ಎಂದು ಬಿಡದೆ ಕಾರಣವನ್ನು ಪರೀಕ್ಷಿಸಬೇಕು. ಸೋಂಕು, ಕೀಲಿನ ಅಸ್ಥಿರತೆ, ನರಸಂಬಂಧಿ ನೋವು, ಸೊಂಟದ ಕೀಲಿನಿಂದ ಅಥವಾ ಬೆನ್ನಿನಿಂದ ಇಳಿದುಬರುವ ನೋವು ಮುಂತಾದವು ಕಾರಣಗಳಾಗಿರಬಹುದು.

ಉ) ಆರನೇ ಹಾಗೂ ಹನ್ನೆರಡನೇ ತಿಂಗಳು
ಈ ಹಂತದ ಉದ್ದೇಶ ಫಲದ ನಿರ್ಣಯ. "ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಾಯಿತೇ?" ಎಂಬ ಪ್ರಶ್ನೆಗೆ ಉತ್ತರ ದೊರೆಯುವುದು ಇಲ್ಲಿ. ಶಸ್ತ್ರಚಿಕಿತ್ಸೆಗೆ ಮುನ್ನ ಬಳಸಿದ ಅದೇ ಪ್ರಶ್ನಾವಳಿಯನ್ನು, ಅದೇ ಭಾಷೆಯಲ್ಲಿ ಮತ್ತೆ ಬಳಸಬೇಕು. ಒಂದೆರಡು ಅಂಕಗಳ ಏರುಪೇರಿಗೆ ಹೆಚ್ಚಿನ ಅರ್ಥವಿಲ್ಲ. ಒಬ್ಬ ರೋಗಿಯ ಆಕ್ಸ್‌ಫರ್ಡ್ ಅಂಕವು ಸುಮಾರು 7 ಅಥವಾ ಅದಕ್ಕಿಂತ ಹೆಚ್ಚು ಏರಿದ್ದಲ್ಲಿ ಅದನ್ನು ಅನುಭವಕ್ಕೆ ಬರುವ ಸುಧಾರಣೆ ಎಂದು ಪರಿಗಣಿಸಬಹುದು.

ಊ) ಒಂದು ವರ್ಷದ ನಂತರ
ಇಲ್ಲಿಂದ ಮುಂದೆ ಅಳೆಯುವುದು ರೋಗಿಯ ಚೇತರಿಕೆಯನ್ನಲ್ಲ, ಕೃತಕ ಕೀಲಿನ ಬಾಳಿಕೆಯನ್ನು. 2019ರಲ್ಲಿ ಪ್ರಕಟವಾದ, ಹಲವು ದೇಶಗಳ ದಾಖಲೆಗಳನ್ನು ಆಧರಿಸಿದ ಅಧ್ಯಯನದ ಪ್ರಕಾರ, ಪೂರ್ಣ ಮಂಡಿ ಕೀಲು ಬದಲಾವಣೆಗಳಲ್ಲಿ ಶೇ. 82ರಷ್ಟು 25 ವರ್ಷ ಬಾಳಿಕೆ ಬರುತ್ತವೆ. ಕೀಲು ಸಡಿಲವಾಗುವುದು ಕೆಲವೊಮ್ಮೆ ನೋವು ಕಾಣಿಸುವುದಕ್ಕೂ ಮೊದಲು ಎಕ್ಸ್‌ರೇಯಲ್ಲಿ ಗೋಚರಿಸುತ್ತದೆಯಾದ್ದರಿಂದ, ವೈದ್ಯರು ಸೂಚಿಸಿದ ಅಂತರದಲ್ಲಿ ಎಕ್ಸ್‌ರೇ ಮಾಡಿಸಿಕೊಳ್ಳುವುದು ಅಗತ್ಯ.

6. ಆರು ತಿಂಗಳೋ, ಹನ್ನೆರಡು ತಿಂಗಳೋ?

ಫಲದ ನಿರ್ಣಯಕ್ಕೆ ಒಂದೇ ದಿನಾಂಕವನ್ನು ಆರಿಸಬೇಕಾದಲ್ಲಿ ಯಾವುದು ಸೂಕ್ತ ಎಂಬ ಬಗ್ಗೆ ವಿವಿಧ ದೇಶಗಳು ಭಿನ್ನ ಕ್ರಮಗಳನ್ನು ಅನುಸರಿಸಿವೆ.

ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯು 2009ರ ಏಪ್ರಿಲ್‌ನಿಂದ ಮಂಡಿ ಕೀಲು ಬದಲಾವಣೆಗೆ ಒಳಗಾಗುವ ರೋಗಿಗಳಿಂದ ಶಸ್ತ್ರಚಿಕಿತ್ಸೆಗೆ ಮುನ್ನ ಒಂದು, ಆರು ತಿಂಗಳ ನಂತರ ಇನ್ನೊಂದು ಪ್ರಶ್ನಾವಳಿಯನ್ನು ಪಡೆಯುವ ವ್ಯವಸ್ಥೆಯನ್ನು ಜಾರಿಗೆ ತಂದಿತು. ಅಲ್ಲಿ ಆಕ್ಸ್‌ಫರ್ಡ್ ಅಂಕದಲ್ಲಿ ಕಂಡುಬಂದಿರುವ ಸರಾಸರಿ ಏರಿಕೆ ಸುಮಾರು 16 ಅಂಕ. ಸ್ವೀಡನ್ 1975ರಿಂದಲೇ ಮಂಡಿ ಕೀಲು ಶಸ್ತ್ರಚಿಕಿತ್ಸೆಗಳ ರಾಷ್ಟ್ರೀಯ ದಾಖಲೆಯನ್ನು ಇರಿಸುತ್ತಿದ್ದು, ರೋಗಿಗಳ ಉತ್ತರಗಳನ್ನು ಒಂದು ವರ್ಷದ ನಂತರ ಪಡೆಯುತ್ತದೆ. ಅಮೆರಿಕದ ಮೆಡಿಕೇರ್ ಯೋಜನೆಯು 2024ರ ಜುಲೈ 1ರಿಂದ ಆಸ್ಪತ್ರೆಗಳಿಗೆ ಕಡ್ಡಾಯಗೊಳಿಸಿದ ಕ್ರಮದಲ್ಲಿ ಮೊದಲ ಅಳತೆಯನ್ನು ಶಸ್ತ್ರಚಿಕಿತ್ಸೆಗೆ ಹಿಂದಿನ 90 ದಿನಗಳೊಳಗೆ, ಎರಡನೆಯದನ್ನು ಶಸ್ತ್ರಚಿಕಿತ್ಸೆಯ ನಂತರದ 300ರಿಂದ 425 ದಿನಗಳ ನಡುವೆ ಪಡೆಯಬೇಕಾಗುತ್ತದೆ.

ಎರಡಕ್ಕೂ ಸಮರ್ಥನೆಯಿದೆ. ಆರು ಮತ್ತು ಹನ್ನೆರಡು ತಿಂಗಳ ಅಂಕಗಳನ್ನು ಹೋಲಿಸಿದಾಗ ಸರಾಸರಿ ವ್ಯತ್ಯಾಸ ಅಲ್ಪವಾಗಿರುತ್ತದೆ. ಆರು ತಿಂಗಳಿಗೆ ಅಳೆದಲ್ಲಿ ಉತ್ತರ ಬೇಗ ದೊರೆಯುತ್ತದೆ, ವಿಳಾಸ ಬದಲಾವಣೆಯಿಂದಾಗಿ ಸಂಪರ್ಕ ತಪ್ಪುವ ರೋಗಿಗಳ ಸಂಖ್ಯೆ ಕಡಿಮೆಯಾಗುತ್ತದೆ, ಆಸ್ಪತ್ರೆಗಳು ತಮ್ಮ ಲೋಪವನ್ನು ಬೇಗ ತಿದ್ದಿಕೊಳ್ಳಬಹುದು. ಹನ್ನೆರಡು ತಿಂಗಳಿಗೆ ಅಳೆದಲ್ಲಿ ನಿಧಾನವಾಗಿ ಚೇತರಿಸಿಕೊಳ್ಳುವ ಹಿರಿಯರಿಗೆ ಅನ್ಯಾಯವಾಗುವುದಿಲ್ಲ, ಮಂಡಿಯು ತನ್ನ ಸ್ಥಿರ ಮಟ್ಟವನ್ನು ತಲುಪಿರುತ್ತದೆ. ಆದರೆ ಆ ಅವಧಿಯಲ್ಲಿ ಇನ್ನೊಂದು ಮಂಡಿಯ ನೋವು, ಬೆನ್ನುನೋವು, ಇತರ ಕಾಯಿಲೆಗಳು ಅಂಕದೊಳಗೆ ಸೇರಿಕೊಳ್ಳುವ ಸಾಧ್ಯತೆಯೂ ಹೆಚ್ಚು.

ಗಮನಿಸಬೇಕಾದ ಅಂಶವೆಂದರೆ, ಯಾವ ದಿನಾಂಕವನ್ನು ಆರಿಸಿದರೂ ಎಲ್ಲ ರೋಗಿಗಳಿಗೂ ಎಲ್ಲ ಆಸ್ಪತ್ರೆಗಳಿಗೂ ಅದೇ ದಿನಾಂಕ ಅನ್ವಯವಾಗಬೇಕು. ಒಂದು ಆಸ್ಪತ್ರೆಯು ಮೂರು ತಿಂಗಳಿಗೆ, ಇನ್ನೊಂದು ಹನ್ನೆರಡು ತಿಂಗಳಿಗೆ ಅಳೆದ ಅಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ಅದು ಆಸ್ಪತ್ರೆಗಳ ಹೋಲಿಕೆಯಾಗದೆ ಕ್ಯಾಲೆಂಡರಿನ ಹೋಲಿಕೆಯಾಗುತ್ತದೆ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಇನ್ನೊಂದು ಮಹತ್ವವಿದೆ. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಕೃತಕ ಮಂಡಿ ಕೀಲುಗಳಿಗೆ ಗರಿಷ್ಠ ಬೆಲೆಯನ್ನು ಗೊತ್ತುಪಡಿಸಿತು. ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದ ಬೆಲೆ ತೆರಿಗೆ ಹೊರತುಪಡಿಸಿ ರೂ. 54,720. ಇದರಿಂದ ವೆಚ್ಚದ ಬದಿಯ ಲೆಕ್ಕ ಸ್ಪಷ್ಟವಾಯಿತು. ಆ ವೆಚ್ಚಕ್ಕೆ ಪ್ರತಿಯಾಗಿ ರೋಗಿಗೆ ದೊರೆತ ಪ್ರಯೋಜನವೆಷ್ಟು ಎಂಬ ಇನ್ನೊಂದು ಬದಿಯ ಲೆಕ್ಕ ಸಿಗುವುದು ಸರಿಯಾದ ಕಾಲದಲ್ಲಿ ಮಾಡಿದ ಅಳತೆಯಿಂದ ಮಾತ್ರ.

7. ಅಳೆಯುವಾಗ ವಹಿಸಬೇಕಾದ ಎಚ್ಚರಿಕೆಗಳು

1) ನೆಲದ ಬದುಕು: ಪ್ರಚಲಿತ ಪ್ರಶ್ನಾವಳಿಗಳಲ್ಲಿ ಹಲವು ಪಾಶ್ಚಾತ್ಯ ಜೀವನಕ್ರಮಕ್ಕೆ ತಕ್ಕಂತೆ ರಚಿತವಾದವು. ನಮ್ಮಲ್ಲಿ ಪಂಕ್ತಿಯಲ್ಲಿ ಕೂತು ಉಣ್ಣುವುದು, ನೆಲದ ಮೇಲೆ ಕೂತು ಪೂಜೆ ಅಥವಾ ನಮಾಜು ಮಾಡುವುದು, ಭಾರತೀಯ ಮಾದರಿಯ ಶೌಚಾಲಯ ಬಳಸುವುದು, ಎತ್ತರದ ಮೆಟ್ಟಿಲಿನ ಬಸ್ಸು ಹತ್ತುವುದು, ಗದ್ದೆಯ ಬದುವಿನ ಮೇಲೆ ನಡೆಯುವುದು ದಿನನಿತ್ಯದ ಅಗತ್ಯಗಳು. ರೋಗಿಗೆ ಒಳ್ಳೆಯ ಅಂಕ ಬಂದಿದ್ದರೂ ಈ ಕೆಲಸಗಳು ಸಾಧ್ಯವಾಗದೆ ಅಸಮಾಧಾನ ಉಳಿದಿರಬಹುದು. ಕೃತಕ ಕೀಲು ಅಳವಡಿಸಿದ ನಂತರ ಬಹುತೇಕರಿಗೆ ಚಕ್ಕಳಮಕ್ಕಳ ಹಾಕಿ ಕೂರುವುದನ್ನು ಹಾಗೂ ಕುಕ್ಕರುಗಾಲಿನಲ್ಲಿ ಕೂರುವುದನ್ನು ತಪ್ಪಿಸುವಂತೆ ವೈದ್ಯರು ಸಲಹೆ ನೀಡುತ್ತಾರೆ. ಆದ್ದರಿಂದ ಈ ವಿಷಯವನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ಚರ್ಚಿಸಿ ದಾಖಲಿಸಬೇಕು.

2) ಎರಡೂ ಮಂಡಿಗಳ ತೊಂದರೆ: ಒಂದು ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ, ಇನ್ನೊಂದು ಸವೆದ ಸ್ಥಿತಿಯಲ್ಲೇ ಇದ್ದಲ್ಲಿ ನಡಿಗೆಯ ಪರೀಕ್ಷೆಯಲ್ಲಿ ಹಿನ್ನಡೆ ಕಂಡುಬರುತ್ತದೆ. ಅದು ಹೊಸ ಕೀಲಿನ ದೋಷವಲ್ಲ. ಯಾವ ಮಂಡಿಯ ಬಗ್ಗೆ ಪ್ರಶ್ನೆ ಎಂಬುದನ್ನು ನಮೂನೆಯಲ್ಲಿ ಸ್ಪಷ್ಟವಾಗಿ ಬರೆಯಬೇಕು.

3) ಉತ್ತರ ಬರೆದುಕೊಳ್ಳುವವರು: ಓದು ಬರಹ ಬಾರದ ರೋಗಿಗಳಿಗೆ ಪ್ರಶ್ನೆಗಳನ್ನು ಓದಿ ಹೇಳಬಹುದು. ಆದರೆ ಉತ್ತರವನ್ನು ಸೂಚಿಸಬಾರದು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರೇ ಎದುರು ಕೂತು ಕೇಳಿದರೆ ಸಂಕೋಚದಿಂದ "ಚೆನ್ನಾಗಿದೆ ಸಾರ್" ಎನ್ನುವವರೇ ಹೆಚ್ಚು. ಆದ್ದರಿಂದ ಬೇರೊಬ್ಬ ಸಿಬ್ಬಂದಿ ಕೇಳುವುದು ಒಳ್ಳೆಯದು.

4) ಬಾರದವರು: ಮತ್ತೆ ಬರಲು ಶಕ್ತರಾದವರನ್ನಷ್ಟೇ ಅಳೆದಲ್ಲಿ ಸರಾಸರಿಯು ವಾಸ್ತವಕ್ಕಿಂತ ಚೆನ್ನಾಗಿ ಕಾಣಬಹುದು. ಬಾರದವರನ್ನು ದೂರವಾಣಿಯ ಮೂಲಕ ಸಂಪರ್ಕಿಸಿ ಪ್ರಶ್ನಾವಳಿಯನ್ನು ಪೂರ್ಣಗೊಳಿಸಬೇಕು.

8. ರೋಗಿಗಳು ಮತ್ತು ಕುಟುಂಬದವರು ಮಾಡಬೇಕಾದುದು

- ಶಸ್ತ್ರಚಿಕಿತ್ಸೆಗೆ ಮುನ್ನ ಮಂಡಿಯ ಕೋನ ಮತ್ತು ಪ್ರಶ್ನಾವಳಿಯ ಅಂಕವನ್ನು ದಾಖಲಿಸಲು ಆಸ್ಪತ್ರೆಯನ್ನು ಕೋರುವುದು ಹಾಗೂ ಒಂದು ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳುವುದು.
- ಒಂದು ಸಣ್ಣ ಪುಸ್ತಕದಲ್ಲಿ ವಾರಕ್ಕೊಮ್ಮೆ, ನಿಗದಿತ ದಿನದಂದು ಮೂರು ವಿಷಯಗಳನ್ನು ಬರೆಯುವುದು: ರಾತ್ರಿಯ ನೋವು, ನಿಲ್ಲದೆ ನಡೆದ ನಿಮಿಷಗಳು, ಯಾವ ಆಧಾರದಿಂದ ನಡೆದರು ಎಂಬುದು. ಪ್ರತಿದಿನ ಅಳೆಯುವ ಅಗತ್ಯವಿಲ್ಲ. ದಿನದಿಂದ ದಿನಕ್ಕೆ ಏರಿಳಿತ ಸಹಜವಾಗಿದ್ದು, ಅದು ಅನಗತ್ಯ ಚಿಂತೆಗೆ ಕಾರಣವಾಗುತ್ತದೆ.
- ಪಕ್ಕದ ಮನೆಯವರ ಅಥವಾ ಬಂಧುಗಳ ಚೇತರಿಕೆಯೊಂದಿಗೆ ಹೋಲಿಸದೆ, ತಮ್ಮದೇ ಹಿಂದಿನ ತಿಂಗಳ ಅಳತೆಯೊಂದಿಗೆ ಹೋಲಿಸಿಕೊಳ್ಳುವುದು.
- ಆರನೇ ವಾರದ ಭೇಟಿಯನ್ನು ಯಾವುದೇ ಕಾರಣಕ್ಕೂ ತಪ್ಪಿಸದಿರುವುದು.

9. ನಿಗದಿತ ದಿನಕ್ಕಾಗಿ ಕಾಯಬಾರದ ಲಕ್ಷಣಗಳು

ಈ ಕೆಳಕಂಡ ಲಕ್ಷಣಗಳು ಕಂಡುಬಂದಲ್ಲಿ ಮುಂದಿನ ಭೇಟಿಯ ದಿನಾಂಕಕ್ಕಾಗಿ ಕಾಯದೆ ಕೂಡಲೇ ಆಸ್ಪತ್ರೆಯನ್ನು ಸಂಪರ್ಕಿಸತಕ್ಕದ್ದು.

- ಜ್ವರ, ಚಳಿ, ಗಾಯದಿಂದ ಕೀವು ಅಥವಾ ನಿಲ್ಲದ ಸ್ರಾವ, ಕಡಿಮೆಯಾಗುತ್ತಿದ್ದ ನೋವು ಮತ್ತೆ ಹೆಚ್ಚಾಗುವುದು.
- ಮೀನಖಂಡದಲ್ಲಿ ಊತ ಮತ್ತು ನೋವು. ಇದು ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದರ ಸೂಚನೆಯಾಗಿರಬಹುದು.
- ಹಠಾತ್ ಉಸಿರಾಟದ ತೊಂದರೆ ಅಥವಾ ಎದೆನೋವು. ಇದು ತುರ್ತು ಸ್ಥಿತಿಯಾಗಿದ್ದು 108 ಆಂಬ್ಯುಲೆನ್ಸ್ ಸೇವೆಗೆ ಕರೆ ಮಾಡಬೇಕು.
- ಬಿದ್ದ ನಂತರ ಕಾಲಿನ ಮೇಲೆ ಭಾರ ಹಾಕಲು ಆಗದಿರುವುದು.

ಸೋಂಕಿನ ಸಂಶಯವಿದ್ದಾಗ ಔಷಧಿ ಅಂಗಡಿಯಿಂದ ತಾವಾಗಿಯೇ ಆಂಟಿಬಯಾಟಿಕ್ ಮಾತ್ರೆಗಳನ್ನು ತೆಗೆದುಕೊಳ್ಳಬಾರದು. ಕೀಲಿನ ದ್ರವದ ಪರೀಕ್ಷೆಗೆ ಮುನ್ನ ಮಾತ್ರೆ ಸೇವಿಸಿದಲ್ಲಿ ರೋಗಾಣು ಪತ್ತೆಯಾಗದೆ ಚಿಕಿತ್ಸೆ ವಿಳಂಬವಾಗಬಹುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆರು ವಾರಗಳಾದರೂ ನೋವಿದೆ. ಶಸ್ತ್ರಚಿಕಿತ್ಸೆ ವಿಫಲವಾಗಿದೆಯೇ?
ಉತ್ತರ: ಹಾಗೆ ತೀರ್ಮಾನಿಸಲಾಗದು. ಆರನೇ ವಾರದಲ್ಲಿ ಸ್ವಲ್ಪ ನೋವು, ಊತ ಇರುವುದು ಸಾಮಾನ್ಯ. ಹಿಂದಿನ ವಾರಗಳಿಗಿಂತ ಕಡಿಮೆಯಾಗುತ್ತಿದೆಯೇ ಎಂಬುದು ಮುಖ್ಯ. ಹೆಚ್ಚಾಗುತ್ತಿದ್ದಲ್ಲಿ ವೈದ್ಯರಿಗೆ ತೋರಿಸಬೇಕು.

ಪ್ರಶ್ನೆ: ಎಕ್ಸ್‌ರೇ ಸರಿಯಾಗಿದೆ ಎಂದಿದ್ದಾರೆ. ಬೇರೆ ಅಳತೆ ಬೇಕೇ?
ಉತ್ತರ: ಬೇಕು. ಎಕ್ಸ್‌ರೇಯು ಕೀಲು ಸರಿಯಾದ ಸ್ಥಾನದಲ್ಲಿದೆ ಎಂಬುದನ್ನು ತಿಳಿಸುತ್ತದೆ. ನೋವು, ಬಲ ಮತ್ತು ನಡಿಗೆಯ ಬಗ್ಗೆ ತಿಳಿಸುವುದಿಲ್ಲ. ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಸುಮಾರು ಐವರಲ್ಲಿ ಒಬ್ಬರು ಫಲದಿಂದ ಪೂರ್ಣ ತೃಪ್ತರಾಗಿರುವುದಿಲ್ಲವೆಂದು ವಿದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಇಂತಹವರನ್ನು ಗುರುತಿಸುವುದು ಎಕ್ಸ್‌ರೇಯಿಂದಷ್ಟೇ ಸಾಧ್ಯವಿಲ್ಲ.

ಪ್ರಶ್ನೆ: ದೂರದ ಊರಿನಲ್ಲಿರುವವರು ಪ್ರತಿ ಬಾರಿಯೂ ಆಸ್ಪತ್ರೆಗೆ ಬರಬೇಕೇ?
ಉತ್ತರ: ಎರಡನೇ ಮತ್ತು ಆರನೇ ವಾರದ ಭೇಟಿಗೆ ಬರುವುದು ಅಗತ್ಯ. ಗಾಯವನ್ನೂ ಕೋನವನ್ನೂ ಕಣ್ಣಾರೆ ನೋಡಿಯೇ ಅಳೆಯಬೇಕು. ಆರನೇ ತಿಂಗಳ ಪ್ರಶ್ನಾವಳಿಯನ್ನು ದೂರವಾಣಿಯಲ್ಲಿ ಪೂರ್ಣಗೊಳಿಸಬಹುದೇ ಎಂದು ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಪ್ರಶ್ನೆ: ಒಂದು ವರ್ಷದ ನಂತರವೂ ಸುಧಾರಣೆ ಸಾಧ್ಯವೇ?
ಉತ್ತರ: ಸ್ನಾಯುಬಲವು ವ್ಯಾಯಾಮದಿಂದ ನಂತರವೂ ಹೆಚ್ಚಬಹುದು. ಆದರೆ ನೋವು ಮತ್ತು ಚಲನೆಯಲ್ಲಿ ದೊಡ್ಡ ಬದಲಾವಣೆಯನ್ನು ಸಾಮಾನ್ಯವಾಗಿ ನಿರೀಕ್ಷಿಸಲಾಗದು. ಆ ಕಾರಣದಿಂದಲೇ ತೊಂದರೆಗಳನ್ನು ಮೊದಲ ತಿಂಗಳುಗಳಲ್ಲೇ ಗುರುತಿಸಬೇಕು.

11. ಸಾರಾಂಶ

ಶಸ್ತ್ರಚಿಕಿತ್ಸೆಗೆ ಮುನ್ನ: ಆಧಾರ ಅಳತೆ (ಕೋನ, ನಡಿಗೆ, ಪ್ರಶ್ನಾವಳಿ)
ಆಸ್ಪತ್ರೆಯ ದಿನಗಳು: ಮನೆಗೆ ಹೋಗಲು ಸುರಕ್ಷಿತವೇ ಎಂಬ ಪರೀಕ್ಷೆ
2ನೇ ವಾರ: ಗಾಯ ಮತ್ತು ಕೋನ
6ನೇ ವಾರ: ಬಿಗಿತವನ್ನು ಗುರುತಿಸಿ ತಿದ್ದುವ ಅಳತೆ
3ನೇ ತಿಂಗಳು: ಮೊದಲ ಪ್ರಶ್ನಾವಳಿ, ಉಳಿದ ನೋವಿನ ಪರೀಕ್ಷೆ
6ನೇ ಮತ್ತು 12ನೇ ತಿಂಗಳು: ಫಲದ ನಿರ್ಣಯ
ನಂತರ: ವೈದ್ಯರು ಸೂಚಿಸಿದಂತೆ ಎಕ್ಸ್‌ರೇ

ಬೇಗ ಮಾಡುವ ಅಳತೆಗಳು ರೋಗಿಯನ್ನು ಕಾಪಾಡಲು, ತಡವಾಗಿ ಮಾಡುವ ಅಳತೆಗಳು ಶಸ್ತ್ರಚಿಕಿತ್ಸೆಯ ಮೌಲ್ಯವನ್ನು ತಿಳಿಯಲು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಸೂಚನೆ: ಈ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಪ್ರತಿ ರೋಗಿಯ ವಯಸ್ಸು, ತೂಕ, ಮಧುಮೇಹ ಮುಂತಾದ ಕಾಯಿಲೆಗಳು ಹಾಗೂ ಮಂಡಿಯ ಹಿಂದಿನ ಸ್ಥಿತಿಗೆ ಅನುಗುಣವಾಗಿ ಭೇಟಿಯ ದಿನಾಂಕಗಳು ಬದಲಾಗಬಹುದು. ಚಿಕಿತ್ಸೆ ನೀಡುತ್ತಿರುವ ವೈದ್ಯರ ಸಲಹೆಯನ್ನೇ ಅಂತಿಮವೆಂದು ಪರಿಗಣಿಸತಕ್ಕದ್ದು.